ಸಂಬಳದ ಸಾಲಿನಲ್ಲಿ ಒಡೆದ ಒಮ್ಮತ: 2014ರ ಪ್ಯಾಲೆಸ್ಟೀನ್ ಐಕ್ಯ ಸರ್ಕಾರದ ಸೇವೆಯ ವಿಮರ್ಶೆ

2014ರ ಜೂನ್ ಮೊದಲ ವಾರದಲ್ಲಿ ಗಾಜಾದ ಬ್ಯಾಂಕುಗಳ ಎದುರು ಎರಡು ಬಗೆಯ ಸರ್ಕಾರಿ ನೌಕರರು ಬಂದು ನಿಂತರು. ಏಳು ವರ್ಷಗಳ ಒಡಕಿನ ನಂತರ ಪ್ಯಾಲೆಸ್ಟೀನಿನ ಎರಡು ಎದುರಾಳಿ ಬಣಗಳಾದ ಫತಾ ಮತ್ತು ಹಮಾಸ್ ಒಪ್ಪಿ ರಚಿಸಿದ್ದ ರಾಷ್ಟ್ರೀಯ ಒಮ್ಮತದ ಸರ್ಕಾರ ಜೂನ್ 2ರಂದು ಪಶ್ಚಿಮ ದಂಡೆಯ ರಮಲ್ಲಾದಲ್ಲಿ ಪ್ರಮಾಣವಚನ ಸ್ವೀಕರಿಸಿ ಇನ್ನೂ ಕೆಲವೇ ದಿನಗಳಾಗಿದ್ದವು. ಫತಾ ಹಿಡಿತದಲ್ಲಿದ್ದ ರಮಲ್ಲಾದ ಪ್ಯಾಲೆಸ್ಟೀನಿ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರಿದ್ದವರ ಖಾತೆಗೆ ಎಂದಿನಂತೆ ಸಂಬಳ ಜಮೆಯಾಗಿತ್ತು. ಹಮಾಸ್ ಆಡಳಿತ 2007ರ ನಂತರ ನೇಮಿಸಿಕೊಂಡಿದ್ದ ಸುಮಾರು 40,000 ಮಂದಿಗೆ ಏನೂ ಬಂದಿರಲಿಲ್ಲ. ಎಟಿಎಂ ಯಂತ್ರಗಳ ಮುಂದೆ ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿತು. ಪೊಲೀಸರು ಬ್ಯಾಂಕುಗಳನ್ನೇ ಮುಚ್ಚಿಸಿದರು. ಹಲವು ದಿನ ಅವು ತೆರೆಯಲಿಲ್ಲ. ಹೊಸ ಸರ್ಕಾರ ತನ್ನ ಪ್ರಜೆಗಳಿಗೆ ಗಾಜಾದಲ್ಲಿ ಒದಗಿಸಿದ ಮೊದಲ ಅನುಭವ ಇದು.

ಈ ಬರಹದಲ್ಲಿ ನಾನು ಆ ಸರ್ಕಾರವನ್ನು ಒಂದು ಸಾರ್ವಜನಿಕ ಸೇವೆಯೆಂದು ಪರಿಗಣಿಸಿ ಅಳೆಯುತ್ತಿದ್ದೇನೆ. ಪ್ಯಾಲೆಸ್ಟೀನಿನ ಬಣಗಳ ಐಕ್ಯದ ಬಗ್ಗೆ ಬರುವ ಬಹುಪಾಲು ವಿಶ್ಲೇಷಣೆಗಳು ನಾಯಕರ ಹಸ್ತಲಾಘವದಿಂದ ಆರಂಭವಾಗಿ ಇಸ್ರೇಲ್ ಮತ್ತು ಅಮೆರಿಕದ ಪ್ರತಿಕ್ರಿಯೆಯಲ್ಲಿ ಮುಗಿಯುತ್ತವೆ. ಸಂಬಳ, ವಿದ್ಯುತ್ತು, ಸಿಮೆಂಟು, ಗಡಿದಾಟು, ಮತಪೆಟ್ಟಿಗೆ, ಇವುಗಳಿಗಾಗಿ ಆ ಸರ್ಕಾರದ ಬಾಗಿಲಿಗೆ ಹೋದವರಿಗೆ ಏನು ಸಿಕ್ಕಿತು ಎಂಬುದನ್ನು ನೋಡುವವರು ಕಡಿಮೆ. ಹಲವು ವರ್ಷಗಳಿಂದ ಈ ವಿಷಯವನ್ನು ದೂರದಿಂದ ಓದುತ್ತ ಬಂದವನಾಗಿ, ಇದರ ಬಗ್ಗೆ ನನಗೆ ಕಳವಳವಿದೆ, ತಟಸ್ಥನಾಗಿ ಬರೆಯುತ್ತಿಲ್ಲ.

ಮೊದಲು, ಈ ಸೇವೆ ಏಕೆ ಬೇಕಾಯಿತೆಂಬುದನ್ನು ಹೇಳಬೇಕು. 2006ರ ಜನವರಿ 25ರ ಶಾಸನಸಭಾ ಚುನಾವಣೆಯಲ್ಲಿ 132 ಸ್ಥಾನಗಳ ಪೈಕಿ ಹಮಾಸ್ 74ನ್ನೂ ಫತಾ 45ನ್ನೂ ಗೆದ್ದವು. ಪಕ್ಷಗಳ ಪಟ್ಟಿಗೆ ಬಿದ್ದ ಮತಗಳಲ್ಲಿ ಅಂತರ ಅಷ್ಟೇನೂ ದೊಡ್ಡದಿರಲಿಲ್ಲ, ಶೇಕಡಾ 44ಕ್ಕೆ 41. ಆದರೆ ಅರ್ಧದಷ್ಟು ಸ್ಥಾನಗಳನ್ನು ಜಿಲ್ಲಾವಾರು ಆರಿಸುವ ಪದ್ಧತಿಯಿದ್ದು, ಫತಾ ಪಕ್ಷದ ಮತಗಳು ಅದರದೇ ಬಂಡಾಯ ಅಭ್ಯರ್ಥಿಗಳ ನಡುವೆ ಹಂಚಿಹೋದದ್ದರಿಂದ ಸ್ಥಾನಗಳ ಲೆಕ್ಕ ಹಾಗೆ ವಾಲಿತು. ವಿಶ್ವಸಂಸ್ಥೆ, ಅಮೆರಿಕ, ಐರೋಪ್ಯ ಒಕ್ಕೂಟ ಮತ್ತು ರಷ್ಯಾ ಸೇರಿದ ಚತುಷ್ಕೂಟವು ಹಿಂಸೆಯ ತ್ಯಾಗ, ಇಸ್ರೇಲಿನ ಮಾನ್ಯತೆ, ಹಿಂದಿನ ಒಪ್ಪಂದಗಳ ಅಂಗೀಕಾರ ಎಂಬ ಮೂರು ಷರತ್ತುಗಳನ್ನು ಮುಂದಿಟ್ಟಿತು. ಹಮಾಸ್ ಒಪ್ಪದಿದ್ದಾಗ ನೆರವು ನಿಂತಿತು. ಸೌದಿ ದೊರೆ ಅಬ್ದುಲ್ಲಾ ಅವರ ಮಧ್ಯಸ್ಥಿಕೆಯಲ್ಲಿ 2007ರ ಫೆಬ್ರವರಿಯಲ್ಲಿ ಮೆಕ್ಕಾ ಒಪ್ಪಂದವಾಗಿ, ಹಮಾಸ್‌ನ ಇಸ್ಮಾಯಿಲ್ ಹನಿಯೆ ಪ್ರಧಾನಿಯಾಗಿ, ಸಲಾಂ ಫಯ್ಯಾದ್ ಹಣಕಾಸು ಸಚಿವರಾಗಿ ಮಾರ್ಚ್ 17ರಂದು ಮೊದಲ ಐಕ್ಯ ಸರ್ಕಾರ ಬಂತು. ಅದು ಮೂರು ತಿಂಗಳೂ ಪೂರೈಸಲಿಲ್ಲ. ಪೊಲೀಸರು ಯಾರ ಮಾತು ಕೇಳಬೇಕೆಂಬುದು ಇತ್ಯರ್ಥವಾಗದೆ ಒಳಾಡಳಿತ ಸಚಿವರು ಮೇ ತಿಂಗಳಲ್ಲೇ ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ಗಾಜಾದ ಬೀದಿಗಳಲ್ಲಿ ಎರಡೂ ಬಣಗಳ ಬಂದೂಕುಗಳು ಪರಸ್ಪರ ತಿರುಗಿದವು. ಅಂದಿನಿಂದ ಗಾಜಾ ಹಮಾಸ್ ಕೈಗೆ, ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿ ಆಡಳಿತ ಫತಾದ ನಾಯಕ, ಅಧ್ಯಕ್ಷ ಮಹಮೂದ್ ಅಬ್ಬಾಸ್ ಅವರ ಕೈಗೆ ಬಂದವು. ಅಲ್ಲಿನ ಜನ ಇದನ್ನು ಒಂದೇ ಪದದಲ್ಲಿ ‘ಇನ್‌ಖಿಸಾಮ್’ ಎನ್ನುತ್ತಾರೆ, ಒಡಕು ಎಂದು ಅರ್ಥ.

ಒಡಕಿನ ನಂತರದ ಒಂದು ಆಡಳಿತಾತ್ಮಕ ನಿರ್ಧಾರವನ್ನು ಅರ್ಥಮಾಡಿಕೊಳ್ಳದೆ 2014ರ ಸಂಬಳದ ಗಲಾಟೆ ಅರ್ಥವಾಗುವುದಿಲ್ಲ. ಗಾಜಾದಲ್ಲಿದ್ದ ತನ್ನ ನೌಕರರಿಗೆ ರಮಲ್ಲಾ ಆಡಳಿತವು ಹಮಾಸ್ ಕೈಕೆಳಗೆ ಕೆಲಸ ಮಾಡಬಾರದೆಂದು ಹೇಳಿತು; ಮನೆಯಲ್ಲಿ ಕೂತರೂ ಸಂಬಳ ಬರುತ್ತದೆ, ಕಚೇರಿಗೆ ಹೋದರೆ ನಿಲ್ಲುತ್ತದೆ ಎಂಬ ಸ್ಥಿತಿ ಹಲವು ಇಲಾಖೆಗಳಲ್ಲಿ ಉಂಟಾಯಿತು. ಖಾಲಿಯಾದ ಕುರ್ಚಿಗಳಿಗೆ ಹಮಾಸ್ ತನ್ನವರನ್ನು ತಂದು ಕೂರಿಸಿತು. ಹೀಗೆ ಒಂದೇ ಹುದ್ದೆಗೆ ಇಬ್ಬರು: ಕೆಲಸ ಮಾಡದೆ ಸಂಬಳ ಪಡೆಯುವವನೊಬ್ಬ, ಕೆಲಸ ಮಾಡಿಯೂ ಸಂಬಳ ಅನಿಶ್ಚಿತವಾದವನೊಬ್ಬ. ಏಳು ವರ್ಷಗಳಲ್ಲಿ ಇಬ್ಬರಿಗೂ ಮದುವೆ, ಮಕ್ಕಳು, ಸಾಲದ ಕಂತು ಎಲ್ಲವೂ ಬೆಳೆದಿದ್ದವು. ಇಬ್ಬರಲ್ಲಿ ಯಾರನ್ನೂ ತಪ್ಪಿತಸ್ಥನೆನ್ನಲು ನನಗೆ ಮನಸ್ಸು ಬರುವುದಿಲ್ಲ.

2014ರ ಹೊತ್ತಿಗೆ ಎರಡೂ ಬಣಗಳಿಗೆ ಕೈಜೋಡಿಸುವ ಅಗತ್ಯ ಒಟ್ಟಿಗೇ ಬಂದಿತ್ತು. 2013ರ ಜುಲೈನಲ್ಲಿ ಈಜಿಪ್ಟಿನ ಸೇನೆ ಮೊಹಮದ್ ಮೊರ್ಸಿ ಅವರನ್ನು ಪದಚ್ಯುತಗೊಳಿಸಿದ ಮೇಲೆ ಗಾಜಾ-ಈಜಿಪ್ಟ್ ಗಡಿಯ ರಫಾದ ಸುರಂಗಗಳು ಒಂದೊಂದಾಗಿ ಮುಚ್ಚಿಹೋದವು. ಆ ಸುರಂಗಗಳ ಮೂಲಕ ಬರುತ್ತಿದ್ದ ಸರಕಿನ ಮೇಲಿನ ತೆರಿಗೆಯೇ ಹಮಾಸ್ ಆಡಳಿತದ ಬೊಕ್ಕಸದ ಮುಖ್ಯ ಆಧಾರವಾಗಿತ್ತು. ಅತ್ತ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರ್ರಿ ನಡೆಸುತ್ತಿದ್ದ ಶಾಂತಿ ಮಾತುಕತೆಯ ಗಡುವು ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು, ಅಬ್ಬಾಸ್ ಕೈಯಲ್ಲಿ ತೋರಿಸಲು ಫಲವೇನೂ ಇರಲಿಲ್ಲ. ಏಪ್ರಿಲ್ 23ರಂದು ಗಾಜಾದ ಶಾತಿ ನಿರಾಶ್ರಿತರ ಶಿಬಿರದಲ್ಲಿರುವ ಹನಿಯೆ ಅವರ ಮನೆಯಲ್ಲಿ, ಫತಾ ಪಕ್ಷದ ಅಜ್ಜಾಂ ಅಲ್ ಅಹ್ಮದ್ ನೇತೃತ್ವದ ನಿಯೋಗದೊಂದಿಗೆ ಒಪ್ಪಂದವಾಯಿತು. ಐದು ವಾರಗಳಲ್ಲಿ ಸರ್ಕಾರ, ಅದಾದ ಕನಿಷ್ಠ ಆರು ತಿಂಗಳ ನಂತರ ಅಧ್ಯಕ್ಷೀಯ ಹಾಗೂ ಶಾಸನಸಭಾ ಚುನಾವಣೆ ಎಂಬುದು ಅದರ ತಿರುಳು. ಮರುದಿನವೇ ಇಸ್ರೇಲ್ ಮಾತುಕತೆಯನ್ನು ಸ್ಥಗಿತಗೊಳಿಸಿತು.

ಕನ್ನಡದ ಓದುಗರಿಗೆ ಸಮ್ಮಿಶ್ರ ಸರ್ಕಾರದ ರೂಢಿ ಚೆನ್ನಾಗಿ ಗೊತ್ತು, ಇದು ಅದಲ್ಲ. ಖಾತೆಗಳನ್ನು ಹಂಚಿಕೊಂಡು ಕೂತ ಎರಡು ಪಕ್ಷಗಳ ಸಂಪುಟವಾಗಿದ್ದರೆ ದಾನಿ ರಾಷ್ಟ್ರಗಳ ನೆರವು ಮತ್ತೆ ನಿಲ್ಲುತ್ತಿತ್ತು. ಆದ್ದರಿಂದ ಯಾವ ಬಣಕ್ಕೂ ಸೇರದ ತಜ್ಞರು ಎಂಬ ಹೆಸರಿನಲ್ಲಿ 17 ಮಂದಿಯ ಸಂಪುಟ ರಚನೆಯಾಯಿತು. ನಾಬ್ಲುಸ್‌ನ ಅನ್ ನಜಾಹ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಭಾಷಾಶಾಸ್ತ್ರಜ್ಞ ರಾಮಿ ಹಮ್ದಲ್ಲಾ ಪ್ರಧಾನಿಯಾಗಿ ಮುಂದುವರಿದರು. ಗಾಜಾದಲ್ಲಿ ವಾಸವಿದ್ದ ಸಚಿವರಿಗೆ ರಮಲ್ಲಾಕ್ಕೆ ಬರಲು ಇಸ್ರೇಲ್ ಅನುಮತಿ ನೀಡದ ಕಾರಣ ಅವರು ವಿಡಿಯೊ ಸಂಪರ್ಕದ ಮೂಲಕ ಪ್ರಮಾಣವಚನ ಸ್ವೀಕರಿಸಬೇಕಾಯಿತು. ಭಾರತ 1996ರಲ್ಲಿ ಗಾಜಾದಲ್ಲಿ ತೆರೆದಿದ್ದ ಪ್ರತಿನಿಧಿ ಕಚೇರಿಯನ್ನು 2003ರಲ್ಲಿ ರಮಲ್ಲಾಕ್ಕೆ ಸ್ಥಳಾಂತರಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು: ಎರಡೂ ಊರುಗಳ ನಡುವೆ ಬೆಂಗಳೂರಿನಿಂದ ತುಮಕೂರಿಗಿಂತ ಸ್ವಲ್ಪ ಹೆಚ್ಚು ದೂರವಷ್ಟೇ ಇದ್ದರೂ, ಒಂದರಿಂದ ಇನ್ನೊಂದಕ್ಕೆ ಹೋಗುವ ಹಕ್ಕು ಸಚಿವನಿಗೂ ಇರಲಿಲ್ಲ.

ಬಣಗಳ ಹೊರಗಿನ ತಜ್ಞರನ್ನು ಆರಿಸಿದ ಈ ಉಪಾಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅಮೆರಿಕ ಈ ಸರ್ಕಾರದೊಂದಿಗೆ ಕೆಲಸ ಮಾಡುವುದಾಗಿ ಹೇಳಿತು. ಐರೋಪ್ಯ ಒಕ್ಕೂಟ ಮತ್ತು ವಿಶ್ವಸಂಸ್ಥೆ ಸ್ವಾಗತಿಸಿದವು. 2006ರಲ್ಲಿ ಆದಂತೆ ನೆರವಿನ ಬಾಗಿಲು ಮುಚ್ಚಲಿಲ್ಲ. ಹೊರಜಗತ್ತಿಗೆ ತೋರಿಸುವ ಮುಖವನ್ನು ಅವರು ಜಾಣತನದಿಂದ ರೂಪಿಸಿದ್ದರು. ಒಳಗಿನ ಯಂತ್ರವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

2007ರ ನಂತರದ ನೌಕರರ ಪ್ರಶ್ನೆಯನ್ನು ಒಂದು ಕಾನೂನು ಮತ್ತು ಆಡಳಿತ ಸಮಿತಿಗೆ ಒಪ್ಪಿಸಲಾಗಿತ್ತು. ಸಮಿತಿ ವರದಿ ಕೊಡುವವರೆಗೆ ಆ 40,000 ಮನೆಗಳಲ್ಲಿ ಒಲೆ ಹೇಗೆ ಉರಿಯಬೇಕು ಎಂಬುದಕ್ಕೆ ಉತ್ತರವಿರಲಿಲ್ಲ. ಹೊಸ ಸರ್ಕಾರವೇ ಕೊಡಬೇಕು, ಒಂದೇ ಸರ್ಕಾರವಲ್ಲವೇ ಎಂದು ಹಮಾಸ್ ವಾದಿಸಿತು. ಅವರನ್ನು ನೇಮಿಸಿದವರೇ ಸದ್ಯಕ್ಕೆ ನೋಡಿಕೊಳ್ಳಲಿ ಎಂಬುದು ರಮಲ್ಲಾದ ನಿಲುವಾಗಿತ್ತು. ಭಯೋತ್ಪಾದಕ ಪಟ್ಟಿಯಲ್ಲಿರುವ ಸಂಘಟನೆಯೊಂದರ ನೌಕರರಿಗೆ ಹಣ ವರ್ಗಾಯಿಸಿದರೆ ಅಮೆರಿಕದ ಕಾನೂನಿನ ಕೆಂಗಣ್ಣಿಗೆ ಗುರಿಯಾಗಬೇಕಾದೀತೆಂದು ಬ್ಯಾಂಕುಗಳೂ ಹೆದರಿದವು. ಕೊನೆಗೆ ಅಕ್ಟೋಬರ್ ಅಂತ್ಯದಲ್ಲಿ ಕತಾರ್ ಕೊಟ್ಟ ಸುಮಾರು 3 ಕೋಟಿ ಡಾಲರ್ ಹಣವನ್ನು ವಿಶ್ವಸಂಸ್ಥೆಯ ನೆರವಿನಿಂದ ನಾಗರಿಕ ನೌಕರರಿಗೆ ತಲಾ 1,200 ಡಾಲರಿನಂತೆ ಹಂಚಲಾಯಿತು. ಪೊಲೀಸರು ಮತ್ತು ಭದ್ರತಾ ಸಿಬ್ಬಂದಿ ಅದರಲ್ಲಿ ಸೇರಿರಲಿಲ್ಲ. ಒಂದು ಸರ್ಕಾರ ತನ್ನ ಹೆಸರಿನ ಕೆಳಗೆ ದುಡಿಯುವವರಿಗೆ ಕೂಲಿ ಕೊಡಲು ಮೂರನೆಯ ದೇಶದ ಕಡೆ ನೋಡುವಂತಾದರೆ, ಆ ಕೆಲಸಗಾರನಿಗೆ ಅದು ತನ್ನ ಸರ್ಕಾರವೆಂದು ಏಕೆ ಅನ್ನಿಸಬೇಕು? ಸಂಬಳದ ಮಟ್ಟಿಗೆ ಈ ಸೇವೆ ಸಂಪೂರ್ಣ ವಿಫಲ ಎಂದೇ ನನ್ನ ತೀರ್ಮಾನ, ಉಳಿದ ವೈಫಲ್ಯಗಳ ಬೇರೂ ಇಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಈ ಸರ್ಕಾರಕ್ಕೆ ಉಸಿರಾಡಲು ಹತ್ತು ದಿನವಷ್ಟೇ ಸಿಕ್ಕಿದ್ದು. ಜೂನ್ 12ರಂದು ಪಶ್ಚಿಮ ದಂಡೆಯಲ್ಲಿ ಮೂವರು ಇಸ್ರೇಲಿ ಹದಿಹರೆಯದವರ ಅಪಹರಣವಾಯಿತು, ನಂತರ ಅವರು ಹತ್ಯೆಯಾಗಿರುವುದು ತಿಳಿಯಿತು. ಜುಲೈ 8ರಿಂದ ಆಗಸ್ಟ್ 26ರವರೆಗೆ ಗಾಜಾದಲ್ಲಿ ಯುದ್ಧ ನಡೆದು 2,200ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರೂ 73 ಮಂದಿ ಇಸ್ರೇಲ್ ಕಡೆಯವರೂ ಸತ್ತರು. ಸುಮಾರು 18,000 ಮನೆಗಳು ನೆಲಸಮವಾದವು ಅಥವಾ ವಾಸಕ್ಕೆ ಬಾರದಷ್ಟು ಜಖಂಗೊಂಡವು. ಹಮ್ದಲ್ಲಾ ಗಾಜಾದಲ್ಲಿ ಮೊದಲ ಸಂಪುಟ ಸಭೆ ನಡೆಸಿದ್ದು ಅಕ್ಟೋಬರ್ 9ರಂದು, ಅಂದರೆ ಅಧಿಕಾರಕ್ಕೆ ಬಂದ ನಾಲ್ಕು ತಿಂಗಳ ನಂತರ, ಅವಶೇಷಗಳ ನಡುವೆ. ಯಾವ ಸರ್ಕಾರಕ್ಕೂ ಇದು ಕಠಿಣ ಪರೀಕ್ಷೆಯೇ.

ಮೂರು ದಿನಗಳ ನಂತರ ಕೈರೋದಲ್ಲಿ ಸೇರಿದ ದಾನಿಗಳು 540 ಕೋಟಿ ಡಾಲರಿನ ವಾಗ್ದಾನ ಮಾಡಿದರು. ಅದರಲ್ಲಿ ಅರ್ಧ ಗಾಜಾದ ಪುನರ್ನಿರ್ಮಾಣಕ್ಕೆ. ಹಣ ಒಮ್ಮತದ ಸರ್ಕಾರದ ಮೂಲಕ ಹೋಗಬೇಕೆಂಬುದು ದಾನಿಗಳ ನಿರೀಕ್ಷೆ, ಸಿಮೆಂಟು, ಕಬ್ಬಿಣ, ಜಲ್ಲಿ ಹಮಾಸ್‌ನ ಸುರಂಗಗಳಿಗೆ ಹೋಗದಂತೆ ನೋಡಿಕೊಳ್ಳಬೇಕೆಂಬುದು ಇಸ್ರೇಲಿನ ಷರತ್ತು. ಇದಕ್ಕಾಗಿ ವಿಶ್ವಸಂಸ್ಥೆ, ಇಸ್ರೇಲ್ ಮತ್ತು ಪ್ರಾಧಿಕಾರ ಸೇರಿ ಒಂದು ವ್ಯವಸ್ಥೆ ಮಾಡಿದವು: ಮನೆ ಜಖಂ ಆದವನ ಹೆಸರು, ಎಷ್ಟು ಚೀಲ ಬೇಕೆಂಬ ಅಂದಾಜು, ಮಾರುವ ಅಂಗಡಿ ಎಲ್ಲವೂ ಪಟ್ಟಿಯಲ್ಲಿ ದಾಖಲಾಗಬೇಕು, ಪಟ್ಟಿಯಲ್ಲಿರುವವನಿಗೆ ಮಾತ್ರ ಚೀಲ. ಕಾಗದದ ಮೇಲೆ ಅಚ್ಚುಕಟ್ಟು. ವಾಸ್ತವದಲ್ಲಿ ಮಾಡು ಹಾರಿಹೋದವನೂ ಮಕ್ಕಳಿಗೆ ಅನ್ನ ಬೇಕೆಂದು ತನ್ನ ಪಾಲಿನ ಚೀಲಗಳನ್ನು ಹೆಚ್ಚಿನ ಬೆಲೆಗೆ ಮಾರಿದ, ಕಾಳಸಂತೆ ಬೆಳೆಯಿತು. 2015ರ ವಸಂತದ ಹೊತ್ತಿಗೆ ಗಾಜಾಕ್ಕೆಂದು ವಾಗ್ದಾನವಾದ ಹಣದಲ್ಲಿ ಸುಮಾರು ಕಾಲು ಭಾಗ ಮಾತ್ರ ಬಂದಿತ್ತೆಂದು ವಿಶ್ವ ಬ್ಯಾಂಕ್ ಲೆಕ್ಕ ಕೊಟ್ಟಿತು. ಇದರ ಹೊಣೆಯನ್ನು ಹಮ್ದಲ್ಲಾ ಸಂಪುಟದ ಮೇಲೆ ಮಾತ್ರ ಹೊರಿಸಲಾರೆ. ಗಾಜಾದ ಗಡಿಗಳ ದಿಗ್ಬಂಧನ ಅವರ ಕೈಯಲ್ಲಿರಲಿಲ್ಲ, ದಾನಿಗಳ ಜೇಬೂ ಇರಲಿಲ್ಲ. ಆದರೆ ಗಡಿದಾಟುಗಳಲ್ಲಿ ತನ್ನ ಸಿಬ್ಬಂದಿಯನ್ನು ಕೂರಿಸಲು ಅವರಿಗೂ ಆಗಲಿಲ್ಲ, ಅಲ್ಲಿದ್ದ ತನ್ನವರನ್ನು ಎಬ್ಬಿಸಲು ಹಮಾಸ್ ಕೂಡ ಒಪ್ಪಲಿಲ್ಲ. ರಫಾದಲ್ಲಿ ಪ್ರಾಧಿಕಾರದ ಅಧಿಕಾರಿಗಳು ಇರಬೇಕೆಂದು ಈಜಿಪ್ಟ್ ಹೇಳುತ್ತಲೇ ಇತ್ತು. 2014ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಸಿನಾಯ್‌ನಲ್ಲಿ ನಡೆದ ದಾಳಿಯ ನಂತರ ರಫಾ ಬಹುತೇಕ ಮುಚ್ಚಿಯೇ ಹೋಯಿತು. ಕ್ಯಾನ್ಸರ್ ಚಿಕಿತ್ಸೆಗೆ ಕೈರೋಕ್ಕೆ ಹೋಗಬೇಕಾದವರು, ಹೊರದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದವರು ಹೆಸರು ಬರೆಸಿ ಕಾದರು.

ವಿದ್ಯುತ್ತಿನ ಕಥೆ ಇನ್ನೂ ನೋವಿನದು, ಏಕೆಂದರೆ ಇಲ್ಲಿ ಒಡಕೇ ನೇರವಾಗಿ ದೀಪ ಆರಿಸಿತು. ಗಾಜಾದ ಒಂದೇ ಒಂದು ವಿದ್ಯುತ್ ಸ್ಥಾವರ ಡೀಸೆಲ್‌ನಿಂದ ನಡೆಯುತ್ತಿತ್ತು. ಉಳಿದದ್ದು ಇಸ್ರೇಲಿನ ತಂತಿಗಳಿಂದ ಸುಮಾರು 120 ಮೆಗಾವಾಟ್, ಈಜಿಪ್ಟಿನಿಂದ ಅಲ್ಪಸ್ವಲ್ಪ ಬರುತ್ತಿತ್ತು. ಸ್ಥಾವರಕ್ಕೆ ಕೊಳ್ಳುವ ಇಂಧನದ ಮೇಲೆ ರಮಲ್ಲಾ ಆಡಳಿತಕ್ಕೆ ತೆರಿಗೆ ಸಲ್ಲಬೇಕಿತ್ತು. ಗಾಜಾದಲ್ಲಿ ವಸೂಲಾದ ಬಿಲ್ಲಿನ ಹಣ ರಮಲ್ಲಾಕ್ಕೆ ಹೋಗುತ್ತಿಲ್ಲವೆಂದು ರಮಲ್ಲಾ ದೂರಿತು, ತೆರಿಗೆ ಹೇರಿ ಇಂಧನ ತುಟ್ಟಿಯಾಗಿಸಿದರೆಂದು ಹಮಾಸ್ ದೂರಿತು. ಎಂಟು ಗಂಟೆ ಇದ್ದರೆ ಎಂಟು ಗಂಟೆ ಇಲ್ಲ ಎಂಬ ಸರದಿಗೆ ಜನ ಒಗ್ಗಿಕೊಂಡಿದ್ದರು. ಬಟ್ಟೆ ಒಗೆಯುವುದು, ನೀರು ಮೇಲಕ್ಕೆ ಏರಿಸುವುದು, ಮಕ್ಕಳ ಓದು ಎಲ್ಲವೂ ಆ ಸರದಿಯ ಪ್ರಕಾರ. ಒಮ್ಮತದ ಸರ್ಕಾರ ಈ ತೆರಿಗೆ ಜಗಳವನ್ನು ಶಾಶ್ವತವಾಗಿ ಬಗೆಹರಿಸಲಿಲ್ಲ, ಆಗಾಗ ವಿನಾಯಿತಿ ಕೊಟ್ಟು ಮುಂದೂಡಿತು. 2017ರ ಮಾರ್ಚ್‌ನಲ್ಲಿ ಹಮಾಸ್ ಗಾಜಾಕ್ಕೆ ಪ್ರತ್ಯೇಕ ಆಡಳಿತ ಸಮಿತಿ ರಚಿಸಿದಾಗ ಅಬ್ಬಾಸ್ ಅವರು ಗಾಜಾದಲ್ಲಿದ್ದ ತಮ್ಮದೇ ನೌಕರರ ಸಂಬಳವನ್ನು ಸುಮಾರು ಶೇಕಡಾ 30ರಷ್ಟು ಕಡಿತಗೊಳಿಸಿದರು, ಇಸ್ರೇಲಿನಿಂದ ಬರುವ ವಿದ್ಯುತ್ತಿಗೆ ಪೂರ್ತಿ ಹಣ ಕೊಡುವುದಿಲ್ಲವೆಂದರು. ಜೂನ್‌ನಲ್ಲಿ ಆ ತಂತಿಗಳ ಪೂರೈಕೆ ಇಳಿಯಿತು. ದಿನಕ್ಕೆ ನಾಲ್ಕು ಗಂಟೆ ದೀಪ ಉರಿದರೆ ಅದೇ ಹೆಚ್ಚು. ಎದುರಾಳಿ ಬಣವನ್ನು ಮಣಿಸಲು ಸ್ವಂತ ಜನರ ಆಸ್ಪತ್ರೆ, ಚರಂಡಿ ಪಂಪುಗಳ ವಿದ್ಯುತ್ತನ್ನು ಒತ್ತಡದ ಸಾಧನ ಮಾಡಿಕೊಂಡ ಈ ನಿರ್ಧಾರವನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಶುದ್ಧೀಕರಿಸದ ಕೊಳಚೆ ಸಮುದ್ರಕ್ಕೆ ಹರಿಯಿತು, ಆ ಬೇಸಿಗೆಯಲ್ಲಿ ಗಾಜಾದ ಮಕ್ಕಳಿಗೆ ಇದ್ದ ಒಂದೇ ಬಯಲು ಆ ಕಡಲತೀರ.

ಚೆನ್ನಾಗಿ ನಡೆದ ಸೇವೆ ಒಂದೂ ಇರಲಿಲ್ಲವೇ? ಇತ್ತು, ಅದನ್ನು ಈ ಸರ್ಕಾರ ಸೃಷ್ಟಿಸಿರಲಿಲ್ಲ, ಉಳಿಸಿಕೊಂಡಿತ್ತು. ‘ತೌಜೀಹಿ’ ಎಂಬ ಪ್ರೌಢಶಿಕ್ಷಣದ ಅಂತಿಮ ಪರೀಕ್ಷೆಯನ್ನು ಒಡಕಿನ ವರ್ಷಗಳಲ್ಲೂ ಎರಡೂ ಕಡೆಯ ಶಿಕ್ಷಣ ಅಧಿಕಾರಿಗಳು ಸಮನ್ವಯದಿಂದ ನಡೆಸಿಕೊಂಡು ಬಂದರು. ಪಶ್ಚಿಮ ದಂಡೆಯ ಜೆನಿನ್‌ನ ಹುಡುಗಿಯ ಅಂಕಪಟ್ಟಿಗೂ ಗಾಜಾದ ಖಾನ್ ಯೂನಿಸ್‌ನ ಹುಡುಗನ ಅಂಕಪಟ್ಟಿಗೂ ಒಂದೇ ಬೆಲೆ ಉಳಿಯಿತು. ಹನ್ನಾ ನಾಸಿರ್ ಅವರ ಅಧ್ಯಕ್ಷತೆಯ ಕೇಂದ್ರ ಚುನಾವಣಾ ಆಯೋಗವೂ ಎರಡೂ ಕಡೆ ಗೌರವ ಉಳಿಸಿಕೊಂಡು, 2013ರಲ್ಲಿ ಗಾಜಾದೊಳಗೆ ಮತದಾರರ ಪಟ್ಟಿಯನ್ನು ಪರಿಷ್ಕರಿಸಿತ್ತು. ಈ ಎರಡು ಉದಾಹರಣೆಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಎರಡರಲ್ಲೂ ಯಾರ ಸಹಿ ನಡೆಯುತ್ತದೆ, ಯಾರ ಕೆಲಸ ಯಾವುದು ಎಂಬುದು ಮೊದಲೇ ಸ್ಪಷ್ಟವಿತ್ತು.

ಆ ಸ್ಪಷ್ಟತೆ ಸಂಪುಟಕ್ಕೆ ಎಂದೂ ಬರಲಿಲ್ಲ. 2015ರ ಜುಲೈನಲ್ಲಿ ಹಮಾಸ್‌ನ ಒಪ್ಪಿಗೆಯಿಲ್ಲದೆ ಸಚಿವರ ಬದಲಾವಣೆ ನಡೆದ ಮೇಲೆ ‘ಒಮ್ಮತ’ ಎಂಬುದು ನಾಮಫಲಕದಲ್ಲಿ ಮಾತ್ರ ಉಳಿಯಿತು. 2017ರ ಅಕ್ಟೋಬರ್ 12ರಂದು ಕೈರೋದಲ್ಲಿ ಅಜ್ಜಾಂ ಅಲ್ ಅಹ್ಮದ್ ಮತ್ತು ಹಮಾಸ್‌ನ ಸಾಲೆಹ್ ಅಲ್ ಅರೂರಿ ಸಹಿ ಹಾಕಿದಾಗ ಮತ್ತೊಮ್ಮೆ ಆಸೆ ಚಿಗುರಿತ್ತು, ನವೆಂಬರ್ 1ರಂದು ಗಡಿದಾಟುಗಳ ಹೊಣೆಯನ್ನು ಹಮಾಸ್ ನಿಜಕ್ಕೂ ಬಿಟ್ಟುಕೊಟ್ಟಿತು. ಆ ತಿಂಗಳುಗಳಲ್ಲಿ ಪ್ರತಿ ಹೇಳಿಕೆಯಲ್ಲೂ ಕೇಳಿಬರುತ್ತಿದ್ದ ಪದ ‘ತಮ್ಕೀನ್’, ಅಂದರೆ ಸರ್ಕಾರಕ್ಕೆ ಪೂರ್ಣ ಅಧಿಕಾರ ನಡೆಸಲು ಅವಕಾಶ. ತೆರಿಗೆ, ಪೊಲೀಸ್, ನ್ಯಾಯಾಲಯ, ಭೂದಾಖಲೆ ಎಲ್ಲವೂ ಕೈಗೆ ಬಂದರೆ ಮಾತ್ರ ತಮ್ಕೀನ್ ಎಂದು ರಮಲ್ಲಾ ಹೇಳಿತು. ನೌಕರರಿಗೆ ಸಂಬಳ ಕೊಡಿ, ಕಡಿತಗಳನ್ನು ಹಿಂತೆಗೆದುಕೊಳ್ಳಿ, ಆಮೇಲೆ ನೋಡೋಣ ಎಂದು ಗಾಜಾ ಹೇಳಿತು. ಒಂದೇ ಅಧಿಕಾರ, ಒಂದೇ ಬಂದೂಕು ಎಂಬ ಅಬ್ಬಾಸ್ ಅವರ ಬೇಡಿಕೆಗೆ ಹಮಾಸ್‌ನ ಸಶಸ್ತ್ರ ಪಡೆ ಒಪ್ಪುವ ಸಾಧ್ಯತೆಯೇ ಇರಲಿಲ್ಲ. 2018ರ ಮಾರ್ಚ್ 13ರಂದು ಗಾಜಾದ ಉತ್ತರದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಉದ್ಘಾಟಿಸಲು ಬರುತ್ತಿದ್ದ ಹಮ್ದಲ್ಲಾ ಅವರ ವಾಹನಸಾಲಿನ ಬಳಿ ಬಾಂಬು ಸ್ಫೋಟಿಸಿತು. ಅವರು ಪಾರಾದರು, ಘಟಕವನ್ನು ಉದ್ಘಾಟಿಸಿಯೇ ಹಿಂದಿರುಗಿದರು. 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು.

ಒಟ್ಟಾರೆ ಐದರಲ್ಲಿ ಒಂದೂವರೆ ಅಂಕಕ್ಕಿಂತ ಹೆಚ್ಚು ಕೊಡಲು ನನಗೆ ಸಾಧ್ಯವಿಲ್ಲ. ಒಂದು, ಹೊರಜಗತ್ತಿನ ನೆರವು ನಿಲ್ಲದಂತೆ ಸಂಪುಟ ರಚಿಸಿದ್ದಕ್ಕೆ. ಅರ್ಧ, ಯುದ್ಧದ ನಂತರ ಅವಶೇಷಗಳ ನಡುವೆಯಾದರೂ ಬಂದು ಕೂತದ್ದಕ್ಕೆ. ಬಾಕಿ ಅಂಕಗಳನ್ನು ಕಡಿದದ್ದು ಬಹುಪಾಲು ಚುನಾವಣೆಗಾಗಿ. 2014ರಲ್ಲಿ ಮಾಡಿದ ವಾಗ್ದಾನಗಳಲ್ಲಿ ಜನರ ಕೈಗೆ ನೇರವಾಗಿ ಅಧಿಕಾರ ಕೊಡುವಂಥದ್ದು ಅದೊಂದೇ, ಅದು ನಡೆಯಲೇ ಇಲ್ಲ. 2018ರ ಡಿಸೆಂಬರ್‌ನಲ್ಲಿ, 2007ರಿಂದ ಕೆಲಸವಿಲ್ಲದೆ ಇದ್ದ ಶಾಸನಸಭೆಯನ್ನು ಸಾಂವಿಧಾನಿಕ ನ್ಯಾಯಾಲಯದ ತೀರ್ಪಿನ ಮೇರೆಗೆ ವಿಸರ್ಜಿಸಲಾಯಿತು. 2021ರ ಮೇ 22ಕ್ಕೆ ಮತದಾನ ಗೊತ್ತಾಗಿ, ಅರ್ಹ ಮತದಾರರಲ್ಲಿ ಶೇಕಡಾ 93ಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. 36 ಪಟ್ಟಿಗಳು ಸ್ಪರ್ಧೆಗಿಳಿದವು. ಪೂರ್ವ ಜೆರುಸಲೇಂನಲ್ಲಿ ಮತದಾನಕ್ಕೆ ಇಸ್ರೇಲಿನ ಒಪ್ಪಿಗೆ ಸಿಕ್ಕಿಲ್ಲವೆಂಬ ಕಾರಣ ಕೊಟ್ಟು ಏಪ್ರಿಲ್ 29ರಂದು ಅಬ್ಬಾಸ್ ಅದನ್ನು ಮುಂದೂಡಿದರು. 2006ರಲ್ಲಿ ಹನ್ನೆರಡು ವರ್ಷದವನಾಗಿದ್ದ ಗಾಜಾದ ಹುಡುಗ ಆಗ ಇಪ್ಪತ್ತೇಳು ವರ್ಷದವನಾಗಿದ್ದ. ತನ್ನ ಶಾಸನಸಭೆಗಾಗಿ ಅವನು ಒಮ್ಮೆಯೂ ಮತ ಹಾಕಿರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಅಲ್ಜಿಯರ್ಸ್‌ನಲ್ಲಿ, 2024ರ ಜುಲೈ 23ರಂದು ಬೀಜಿಂಗ್‌ನಲ್ಲಿ 14 ಬಣಗಳು ಮತ್ತೆ ಸಹಿ ಹಾಕಿದವು. ಬೀಜಿಂಗ್ ಘೋಷಣೆ ತಾತ್ಕಾಲಿಕ ಒಮ್ಮತದ ಸರ್ಕಾರವೊಂದನ್ನು ರಚಿಸುವ ಮಾತಾಡುತ್ತದೆ, ಯಾವಾಗ ಎಂಬ ದಿನಾಂಕವನ್ನು ಹೇಳುವುದಿಲ್ಲ. ಅಂಥ ಸರ್ಕಾರ ಮತ್ತೆ ಪ್ರಮಾಣವಚನ ಸ್ವೀಕರಿಸುವ ದಿನ ಬಂದರೆ, ವೇದಿಕೆಯ ಮೇಲೆ ಯಾರು ಯಾರ ಕೈ ಹಿಡಿದರೆಂಬ ಚಿತ್ರವನ್ನು ಪಕ್ಕಕ್ಕಿಟ್ಟು, ಗಾಜಾದ ಶಿಕ್ಷಕಿಗೂ ದಾದಿಗೂ ಕಸ ಗುಡಿಸುವವನಿಗೂ ಮುಂದಿನ ತಿಂಗಳು ಯಾವ ಖಾತೆಯಿಂದ ಸಂಬಳ ಬರುತ್ತದೆಂದು ಬರೆದ ಪುಟವನ್ನು ನಾನು ಮೊದಲು ಹುಡುಕುತ್ತೇನೆ.